ಸೋಡಿಯಂ ಎಂಬ ಅಡ್ಡಹೆಸರು

ಶುಕ್ರವಾರ ಮುಂಜಾನೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಖಟಖಟ ಶುರು ಮಾಡಿದವು. ಬೆಳಗಿನಿಂದ ಕರೆಂಟಿನ ದಾರಿ ಕಾಯುತ್ತಿದ್ದುದರಿಂದ ನಾನು ಗೋಡೆಯ ಗಡಿಯಾರ ನೋಡಿದೆ. ಕಣ್ಣು ಕೆಳಗಿಳಿಸಿದಾಗ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮಜ್ಜಿಗೆ ಕುಡಿದ ಹಿತ್ತಾಳೆ ತಂಬಿಗೆಯನ್ನು ನೆಲಕ್ಕಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

ನನ್ನ ಪಾಲಿನ ಮಜ್ಜಿಗೆ ಪಕ್ಕದ ಗ್ಲಾಸಿನಲ್ಲಿತ್ತು. ಹಲ್ಲುನೋವಿಗೆ ದವಡೆಯಲ್ಲಿ ಲವಂಗ ಇಟ್ಟುಕೊಂಡಿದ್ದೆ, ಅದರ ಖಾರ ಇಳಿಯಲಿ ಎಂದು ತಡೆದೆ. ಇಷ್ಟು ವರ್ಷವಾದರೂ ಆ ಗ್ಲಾಸು ನನ್ನ ಕೈಗೆಟಕುವಷ್ಟು ದೂರದಲ್ಲೇ ಇದೆ.

ಹಿಪ್ಪರಗಿಯ ಬ್ಯಾರೇಜಿನಲ್ಲಿ ನೀರು ನಿಲ್ಲತೊಡಗಿದ ಮೇಲಿನ ಒಂದು ಮಳೆಗಾಲ ಅದು. ಈ ಮನೆಯ ಮಗಳು ನಾನು, ಜಮಖಂಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಮುಂದೆ ವಾಸ, ಹಿತ್ತಿಲಿನಲ್ಲಿ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಬಣ್ಣದ ತೊಟ್ಟಿಗಳು. ಸೀರೆಯ ನೂಲಿಗೆ ಕೆಂಪು ಗಟ್ಟಿಯಾಗಿ ಹಿಡಿಯಬೇಕಾದರೆ ಉಪ್ಪು ಬೇಕು. ಹೀಗಾಗಿ ಉಪ್ಪಿನ ಚೀಲ ಶೆಡ್ಡಿನಲ್ಲಿ ಯಾವಾಗಲೂ ಇರುತ್ತಿತ್ತು, ಅಡುಗೆಮನೆಯ ಉಪ್ಪು ತೀರಿದರೆ ಅವ್ವ ಅಲ್ಲಿಂದಲೇ ಒಂದು ಬಟ್ಟಲು ತರುತ್ತಿದ್ದಳು. ಬಣ್ಣದವರ ಮನೆಗಳಲ್ಲಿ ಇದು ಹೊಸದಲ್ಲ. ಅಜ್ಜನ ಕಾಲದಿಂದಲೂ ನೂಲು ಉಂಡ ಉಪ್ಪನ್ನೇ ನಾವೂ ಉಂಡವರು. ಚೀಲಗಳ ಮೇಲೆ ಏನು ಬರೆದಿದೆ ಎಂದು ಯಾರೂ ಓದುತ್ತಿರಲಿಲ್ಲ. ಬಾಗಿಲಿನ ಎಡಕ್ಕಿರುವುದು ಉಪ್ಪು, ಬಲಕ್ಕಿರುವುದು ಬಣ್ಣಕ್ಕೆ ಹಾಕುವ ಔಷಧಿ. ಕತ್ತಲಲ್ಲಿ ಹೋದರೂ ಕೈ ತಪ್ಪುತ್ತಿರಲಿಲ್ಲ.

ಆ ದಿನ ಮಡಿಕೆಯಲ್ಲಿದ್ದ ಉಪ್ಪು ಮಳೆಯ ತಂಪಿಗೆ ಕರಗಿ ನೀರಾಗಿತ್ತು. ಅವ್ವ ಬಾಜೂ ಮನೆಯ ಕಾಕುವನ್ನು ಕೇಳಿದಳು. ಕಾಕು ಹೊಸ್ತಿಲ ಮೇಲೆಯೇ ನಿಂತು ಕೈ ಆಡಿಸಿದಳು.

"ಇವತ್ತ ಶುಕ್ರವಾರ, ಉಪ್ಪು ಹೆಂಗ ಕೊಡ್ಲಿಬೇ? ನಮ್ಮನಿ ಲಕ್ಷ್ಮೀನ ನಿಮ್ಮನಿಗೆ ಕಳಿಸಿ ನಾ ಏನ್ ಮಾಡ್ಲಿ?"

"ಹೌದಲ್ಲ, ಮರತೇ ಬಿಟ್ಟಿದ್ದೆ. ನಾನಾದ್ರೂ ಕೊಡ್ತಿದ್ದಿಲ್ಲ ತಗೊ" ಎಂದು ಅವ್ವ ನಕ್ಕಳು. ಅಂಗಡಿ ಓಣಿಯ ತುದಿಗಿತ್ತು, ಮಳೆ ಜೋರಾಗಿತ್ತು, ಬೇಕಾಗಿದ್ದದ್ದು ಮಜ್ಜಿಗೆಗೆ ಒಂದು ಹಿಡಿ. ಬಟ್ಟಲು ಹಿಡಿದು ಶೆಡ್ಡಿಗೆ ಹೋದಳು, ಎಡಗಡೆಯ ಚೀಲದಿಂದ ತುಂಬಿಕೊಂಡು ಬಂದಳು. ಅವ್ವನಿಗೆ ಶುಕ್ರವಾರದ ಒಪ್ಪತ್ತು. ಸಂಜೆಯವರೆಗೆ ಏನೂ ಬಾಯಿಗಿಡುವವಳಲ್ಲ, ಹಾಗಾಗಿ ರುಚಿ ನೋಡಲಿಲ್ಲ. ವೈನಿ ಮುಂಜಾನೆಯಿಂದ ಕೈಯಲ್ಲೇ ಕಂಡಿಕಿಗೆ, ಲಾಳಿಯೊಳಗಿನ ಸಣ್ಣ ಕೊಳವೆಗೆ, ನೂಲು ಸುತ್ತಿ ದಣಿದಿದ್ದಳು. ಅವಳಿಗೆ ಮಜ್ಜಿಗೆ ಉಪ್ಪುಪ್ಪಾಗಿಯೇ ಬೇಕು, ತಾನೇ ಇನ್ನೊಂದು ಚಿಟಿಕೆ ಹಾಕಿಕೊಂಡು ತಂಬಿಗೆ ಎತ್ತಿ ಕುಡಿದಳು.

ಸ್ವಲ್ಪ ಹೊತ್ತಿಗೆ "ತಲಿ ಗಿರ್ ಅನ್ನಾಕತ್ತೇತಿ" ಎಂದು ಕಂಬಕ್ಕೆ ಒರಗಿದಳು. ಮಗ್ಗದ ಸದ್ದಿಗೆ ಇರಬೇಕು ಎಂದುಕೊಂಡೆವು. ಆಮೇಲೆ ಮಲಗಿಬಿಟ್ಟಳು. ನಾವು ಅವಳನ್ನು ಕೂಗುತ್ತಿದ್ದುದು ಕೇಳಿ ಬಂದ ಕಾಕು ಅವಳ ಮುಖ ನೋಡಿ, "ನ್ಯಾರಳಿ ಹಣ್ಣ ತಿಂದಾಳೇನ? ತುಟಿ ನೋಡ್ರಿ" ಎಂದಳು. ನಮ್ಮ ಮನೆಯಲ್ಲಿ ನೇರಳೆ ಹಣ್ಣು ಇರಲಿಲ್ಲ. ತುಟಿ ಮಾತ್ರವಲ್ಲ, ಉಗುರೂ ಬೂದಿ ಬೆರೆತ ನೀಲಿಯಾಗಿದ್ದವು.

"ಉಪವಾಸದ ಮನ್ಯಾಗ ಬೆವರು ಸುರಿಸಿ ದುಡದ್ರ ಹಿಂಗs ಆಗೂದು. ಲಿಂಬಿ ಹಣ್ಣ, ಉಪ್ಪು ಹಾಕಿ ನೀರು ಕೊಡ್ರಿ" ಎಂದಳು ಕಾಕು.

ಅವ್ವ ಅದೇ ಬಟ್ಟಲಿನಿಂದ ಉಪ್ಪು ತೆಗೆದು ಲಿಂಬೆನೀರಿಗೆ ಹಾಕಿ ಕಲಕಿದಳು. ಚಮಚ ಗ್ಲಾಸಿಗೆ ಬಡಿಯುತ್ತಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ನಾನು ವೈನಿಯ ತಲೆ ಎತ್ತಿ ಹಿಡಿದಿದ್ದೆ. ಅವಳು ಒಂದು ಗುಟುಕು ನುಂಗಿ, ಆ ಗುಟುಕನ್ನೂ ಮೊದಲು ಕುಡಿದ ಮಜ್ಜಿಗೆಯನ್ನೂ ನನ್ನ ಮಡಿಲಿಗೇ ವಾಂತಿ ಮಾಡಿದಳು. ಅದೇ ಅವಳನ್ನು ಅರ್ಧ ಉಳಿಸಿತು ಎಂದು ಆಮೇಲೆ ಡಾಕ್ಟರು ಹೇಳಿದರು. ವಾಂತಿ ಆಗದೆ ಇದ್ದಿದ್ದರೆ, ಲಿಂಬೆನೀರು ಪೂರ್ತಿ ಒಳಗೆ ಹೋಗಿದ್ದರೆ ಎಂಬಲ್ಲಿಗೆ ನನ್ನ ಯೋಚನೆ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆಟೋದಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಒಯ್ದೆವು. ಡಾಕ್ಟರು ಮೂಗಿಗೆ ಆಕ್ಸಿಜನ್ ಹಚ್ಚಿದರು. ನೀಲಿ ಇಳಿಯಲಿಲ್ಲ. "ದಮ್ಮು ಐತೇನು? ಹಾರ್ಟಿನ ತೊಂದರಿ? ಏನರ ಕಡದೇತೇನು?" ಎಂದು ಕೇಳುತ್ತ ಹೋದರು, ಅವ್ವ ಎಲ್ಲದಕ್ಕೂ ಇಲ್ಲ ಎನ್ನುತ್ತ ಹೋದಳು. ಏನು ತಿಂದಿದ್ದರು ಎಂದಾಗ, "ಏನೂ ಇಲ್ರಿ, ಬರೇ ಮಜ್ಜಿಗಿ, ಉಪ್ಪು" ಎಂದಳು.

ಪರೀಕ್ಷೆಗೆಂದು ರಕ್ತ ತೆಗೆದರು. ಸಿರಿಂಜಿನೊಳಗೆ ಏರಿದ್ದು ಕೆಂಪಲ್ಲ, ಜೋನಿ ಬೆಲ್ಲದ ಬಣ್ಣ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ನಾನೂ ನೋಡಿದೆ. ರಕ್ತದ ಬಣ್ಣವನ್ನು ಕೆಡಿಸುವ ಪುಡಿಗಳಿವೆ ಎಂದು ಎಲ್ಲೋ ಓದಿದ್ದು ಅರೆಬರೆ ನೆನಪಾಯಿತು, ಹಿಂದೆಯೇ ನಮ್ಮ ಶೆಡ್ಡು ನೆನಪಾಯಿತು. ಕೆಂಪು ಹಿಡಿಸಲು ಉಪ್ಪಿನ ಜೊತೆಗೆ ಇನ್ನೊಂದು ಬಿಳಿ ಪುಡಿಯೂ ಬೇಕು. ಮನೆಯವರು ಅದಕ್ಕೆ ಬರೀ ಔಷಧಿ ಎನ್ನುತ್ತಾರೆ. ಅದರ ಹೆಸರು ಸೋಡಿಯಂ ನೈಟ್ರೈಟ್.

ಅವ್ವನನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬಟ್ಟಲಿನಲ್ಲಿದ್ದದ್ದು ಸಣ್ಣ ಹರಳು, ನೋಡಿದರೆ ಉಪ್ಪೇ. ಸ್ವಲ್ಪ ಹಳದಿ ಎನ್ನಿಸಿತು. ಮಳೆಯ ಮೋಡದ ಬೆಳಕು, ನನ್ನ ಕಣ್ಣನ್ನೂ ನಾನು ನಂಬುವಂತಿರಲಿಲ್ಲ. ನಾಲಿಗೆಗೆ ಹಚ್ಚಿ ನೋಡಲು ಬೆರಳು ಬಾಯಿಯ ತನಕ ಹೋಗಿತ್ತು, ತೆಗೆದುಬಿಟ್ಟೆ. ಅದೂ ಉಪ್ಪುಪ್ಪೇ ಇರುತ್ತದೆ, ನಾಲಿಗೆಗೆ ಏನು ಗೊತ್ತಾಗಬೇಕು?

ಕಾಲೇಜಿನ ಪ್ರ್ಯಾಕ್ಟಿಕಲ್ಲಿನಲ್ಲಿ ಬಿಳಿ ಪುಡಿ ಕೈಗೆ ಕೊಟ್ಟು ಇದು ಯಾವುದು ಹೇಳು ಎನ್ನುತ್ತಿದ್ದರು. ಶೆಡ್ಡಿನಲ್ಲಿ ಆ್ಯಸಿಡ್ಡಿನ ಕ್ಯಾನು ಇತ್ತು. ಚಹಾದ ಎರಡು ಬಸಿ ತಂದು, ಒಂದರಲ್ಲಿ ಬಟ್ಟಲಿನ ಪುಡಿ, ಇನ್ನೊಂದರಲ್ಲಿ ಮಡಿಕೆಯ ತಳದಲ್ಲಿ ಉಳಿದಿದ್ದ ಹಸಿ ಉಪ್ಪು ಹಾಕಿದೆ. ಮೇಲೆ ಆ್ಯಸಿಡ್ಡಿನ ಹನಿ ಬಿಟ್ಟೆ. ಉಪ್ಪು ಸುಮ್ಮನಿತ್ತು. ಬಟ್ಟಲಿನ ಪುಡಿಯಿಂದ ಕಂದು ಹೊಗೆ ಎದ್ದು ಮೂಗಿಗೆ ಬಡಿಯಿತು.

ಅಣ್ಣ ರಬಕವಿಗೆ ನೂಲು ಕೊಡಲು ಹೋಗಿದ್ದ. ಫೋನು ಮಾಡಿದೆ.

"ಎಡಗಡೆ ಚೀಲದಾಗ ಏನಿಟ್ಟಿ?"

"ನಿನ್ನೆ ಬಲಗಡೆ ತಗಡು ಸೋರಾಕತ್ತಿತ್ತಲೇ. ಔಷಧಿ ಚೀಲ ಹರದಿತ್ತು, ಉಪ್ಪಿನ ಖಾಲಿ ಚೀಲದಾಗ ಸುರವಿ ಎಡಕ್ಕ ಇಟ್ಟೆ. ಯಾಕ? ಬಣ್ಣ ಕೆಡಿಸೀರೇನು?"

ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ಅವನು ಫೋನಿನಲ್ಲಿಯೇ ಕೂಗಿದ್ದು ಮಾತ್ರ ನೆನಪಿದೆ.

ದವಾಖಾನೆಗೆ ಬಂದು ಹೇಳಿದಾಗ ಡಾಕ್ಟರು ನನ್ನ ಭುಜ ಹಿಡಿದರು. "ಪೂರ್ತಿ ಹೆಸರು ಹೇಳು. ಬರೇ ಸೋಡಿಯಂ ಸೋಡಿಯಂ ಅನ್ನಬ್ಯಾಡ." ಪೂರ್ತಿ ಹೇಳಿದೆ. ಅದಕ್ಕೆ ಬೇಕಾದ ಇಂಜೆಕ್ಷನ್ನು ಅವರಲ್ಲಿರಲಿಲ್ಲ. ಎರಡು ಕಡೆ ಫೋನು ಮಾಡಿ, ಜಮಖಂಡಿಯ ಒಂದು ದೊಡ್ಡ ದವಾಖಾನೆಯಲ್ಲಿದೆ ಎಂದು ತಿಳಿದು, ತಮ್ಮದೇ ಕಾರು ಕೊಟ್ಟು ಕಳಿಸಿದರು.

ಆ ದಾರಿಯಲ್ಲಿ ನಾನು ನೂರು ಸಲ ಓಡಾಡಿದ್ದೇನೆ, ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ನಿದ್ದೆ ಮಾಡಿದ್ದೇನೆ. ಅಂದು ನಡುದಾರಿಯ ಹುನ್ನೂರು ಬರುವುದೇ ಇಲ್ಲ ಎನ್ನಿಸಿತು. ಮುಂದೆ ಕಬ್ಬಿನ ಟ್ರ್ಯಾಕ್ಟರೂ ಇರಲಿಲ್ಲ, ಬೈಯಲು ಯಾರೂ ಸಿಗಲಿಲ್ಲ. ವೈನಿಯ ತಲೆ ನನ್ನ ತೊಡೆಯ ಮೇಲಿತ್ತು. ಡ್ರೈವರನಿಗೆ, ಫೋನಿನಲ್ಲಿ ಅಣ್ಣನಿಗೆ, ಯಾರುಯಾರಿಗೋ ನಾನು ಅದೇ ಮಾತು ಹೇಳುತ್ತಿದ್ದೆನಂತೆ: "ಸೋಡಿಯಂ ಹೊಟ್ಟಿಗೆ ಹೋಗೇತಿ, ಸೋಡಿಯಂ." ಅವ್ವ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಅದರ ಫಲ ಜಮಖಂಡಿಯಲ್ಲಿ ಗೊತ್ತಾಯಿತು. ವೈನಿಯನ್ನು ಮಂಚದ ಮೇಲೆ ಮಲಗಿಸಿ, ನರ್ಸು ಸಲೈನಿನ ಬಾಟಲಿ ತೂಗು ಹಾಕಿ ಸೂಜಿ ಚುಚ್ಚಲು ಕೈ ಹಿಡಿದಳು.

"ಇದೇನ್ರೀ ಬಾಟಲ್ಯಾಗಿಂದು?" ಎಂದು ಅವ್ವ ಕೇಳಿದಳು.

"ಸೋಡಿಯಂ ಕ್ಲೋರೈಡ್ ರೀ ಅಮ್ಮಾ, ಸಲೈನು."

ಅವ್ವ ವೈನಿಯ ಕೈಯನ್ನು ನರ್ಸಿನಿಂದ ಕಿತ್ತುಕೊಂಡು ತನ್ನ ಎದೆಗೆ ಒತ್ತಿಕೊಂಡಳು. "ಮುಟ್ಟಬ್ಯಾಡ್ರಿ! ಅದನ್ನ ಕುಡದs ಹಿಂಗಾಗ್ಯಾಳ ನನ್ನ ಸೊಸಿ. ಹೊಟ್ಟ್ಯಾಗ ಹೋಗಿದ್ದು ಸಾಲದಂತ ನರದಾಗೂ ಬಿಡ್ತೀರೇನು?"

"ಅಮ್ಮಾ, ಬಿಡ್ರಿ, ಸೂಜಿ ಹಾಕಬೇಕು. ಡಾಕ್ಟರ್ ಬರಾಕತ್ತಾರ."

"ಡಾಕ್ಟರ್ ಬರ್ಲಿ, ಅವರಪ್ಪ ಬರ್ಲಿ. ಓದಿದಾಕಿ ನನ್ನ ಮಗಳ ಹೇಳ್ಯಾಳ, ಸೋಡಿಯಂ ಅಂತ."

ಹಿಂದೆ ನಿಂತಿದ್ದ ಇನ್ನೊಬ್ಬ ರೋಗಿಯ ಕಡೆಯವನು, "ಖರೆ ಐತಿ ನೋಡ್ರಿ, ವಿಷಕ್ಕ ವಿಷಾನ ಕೊಡ್ತಾರ ಇವ್ರು" ಎಂದು ತನ್ನದೂ ಒಂದು ಸೇರಿಸಿದ. ಸಲೈನಿನ ನಳಿಗೆ ಹಾಕದೆ ಇಂಜೆಕ್ಷನ್ನು ಕೊಡುವ ಹಾಗಿರಲಿಲ್ಲ. ಅವ್ವನ ಬೆರಳುಗಳು ವೈನಿಯ ಮಣಿಕಟ್ಟಿನ ಸುತ್ತ ಬೀಗದಂತೆ ಕೂತಿದ್ದವು. ವೈನಿಯ ಉಗುರು ಇನ್ನಷ್ಟು ಕಪ್ಪಾಗಿದ್ದವು, ಅವಳು ಕರೆದರೂ ಓಗೊಡುತ್ತಿರಲಿಲ್ಲ.

ಶಾಲೆಯಲ್ಲಿ ನಾವು ಹಾಡಿದಂತೆ ಹೇಳಿಕೊಂಡ ಪಾಠ ಅದು: ಅಡುಗೆ ಉಪ್ಪಿನ ವೈಜ್ಞಾನಿಕ ಹೆಸರು ಸೋಡಿಯಂ ಕ್ಲೋರೈಡ್. ಒಂದು ಅಂಕದ ಪ್ರಶ್ನೆ. ಸೋಡಿಯಂ ನೀರಿಗೆ ಬಿದ್ದರೆ ಉರಿಯುವ ಲೋಹ, ಕಾಲೇಜಿನಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದರು. ಕ್ಲೋರಿನ್ ಉಸಿರು ಕಟ್ಟಿಸುವ ಗಾಳಿ. ಎರಡೂ ಕೂಡಿದರೆ ರೊಟ್ಟಿಯ ಜೊತೆ ಉಣ್ಣುವ ಉಪ್ಪು. ಪರೀಕ್ಷೆಯಲ್ಲಿ ನಾನು ಇದನ್ನು ಚೆನ್ನಾಗಿಯೇ ಬರೆದಿದ್ದೆ. ಆ ಮಂಚದ ಪಕ್ಕದಲ್ಲಿ ಇದರಲ್ಲಿ ಒಂದು ಮಾತೂ ಕೆಲಸಕ್ಕೆ ಬರಲಿಲ್ಲ. ಲೋಹ, ಗಾಳಿ ಎಂದರೆ ಅವ್ವ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳು.

"ಅವ್ವಾ, ಇಲ್ಲಿ ಕೇಳು" ಎಂದೆ. "ಸೋಡಿಯಂ ಅನ್ನೂದು ಅಡ್ಡಹೆಸರು, ಮನೆತನದ ಹೆಸರಿದ್ದಂಗ. ನಮ್ಮ ಅಡ್ಡಹೆಸರಿನವ್ರು ಬನಹಟ್ಟಿ ತುಂಬ ಅದಾರಲ್ಲ, ಎಲ್ಲಾರೂ ಒಂದ ಮನಿಯವ್ರೇನು?"

"ಅಲ್ಲ."

"ಆ ಮೂಲಿ ಮನಿ ಕುಡಕಂದೂ ನಮ್ಮ ಅಡ್ಡಹೆಸರs. ಅವ ಮಾಡಿದ್ದಕ್ಕ ಪೋಲೀಸರು ಅಣ್ಣನ್ನ ಹಿಡಕೊಂಡು ಹೋದ್ರ ಸುಮ್ಮನಿರ್ತಿಯೇನು?"

"ಯಾಕ ಹಿಡೀತಾರ? ಅವನ ಹೆಸರ ಬ್ಯಾರೆ, ಇವನ ಹೆಸರ ಬ್ಯಾರೆ."

"ಇದೂ ಹಂಗs. ಅಡ್ಡಹೆಸರು ಒಂದ, ಮುಂದಿನ ಹೆಸರು ಬ್ಯಾರೆ. ವೈನಿ ಕುಡದದ್ದು ನೈಟ್ರೈಟ್, ಅಂವ ಕುಡಕ. ಇಂವ ಕ್ಲೋರೈಡ್, ಮನಿಮಗ. ದಿನಾ ನಮ್ಮ ಸಾರಿನಾಗ ಇರಾಂವ. ಉಪ್ಪs ಇದು ಅವ್ವಾ."

ಅವ್ವ ನನ್ನನ್ನು ನೋಡಿದಳು, ಬಾಟಲಿ ನೋಡಿದಳು. "ಹಂಗಾರ ನೀ ಕುಡಿ ಮೊದಲ" ಎಂದಳು.

ನರ್ಸು ಬೇಸರಿಸಲಿಲ್ಲ, ಪುಣ್ಯಾತ್ಮಳು. ನಳಿಗೆಯೊಳಗಿನ ಗಾಳಿ ಬಿಡಲು ಹೇಗೂ ನಾಲ್ಕು ಹನಿ ಚೆಲ್ಲಬೇಕು, ಅದನ್ನು ನನ್ನ ಅಂಗೈಗೆ ಬಿಟ್ಟಳು. ನೆಕ್ಕಿದೆ. ಕಣ್ಣೀರಿನಷ್ಟು ಉಪ್ಪು. ಅವ್ವನಿಗೆ ಅದೂ ಸಾಲಲಿಲ್ಲ, ತಾನೂ ಅಂಗೈ ಒಡ್ಡಿದಳು. ಒಪ್ಪತ್ತಿನ ದಿನ, ಅದೂ ಮರೆತಳು. ನಾಲಿಗೆಯ ಮೇಲೆ ಹನಿ ಇಟ್ಟುಕೊಂಡು, ಸಾರಿನ ರುಚಿ ನೋಡುವಾಗ ಮಾಡುವಂತೆ ಹುಬ್ಬು ಗಂಟಿಕ್ಕಿ, "ಉಪ್ಪು ಕಮ್ಮಿ ಆಗೇತಿ" ಎಂದಳು. ಕೈ ಬಿಟ್ಟಳು.

ನಾಲಿಗೆಯ ಸಾಕ್ಷಿಗೆ ಏನೂ ಬೆಲೆಯಿಲ್ಲ ಎಂದು ನನಗೆ ಗೊತ್ತಿತ್ತು. ಆ ಇನ್ನೊಂದೂ ಹೀಗೇ ಉಪ್ಪುಪ್ಪಾಗಿ ಒಳಗೆ ಹೋಗಿತ್ತು. ಆದರೂ ನರ್ಸು ಸೂಜಿ ಹಾಕಲು ಜಾಗ ಬಿಟ್ಟು ಸರಿದೆ.

ಡಾಕ್ಟರು ಬಂದು ತಂದ ಇಂಜೆಕ್ಷನ್ನು ನೋಡಿ ಅವ್ವ ಮತ್ತೆ ಎದ್ದು ನಿಂತಳು. ಸಿರಿಂಜಿನೊಳಗೆ ಇದ್ದದ್ದು ಅಚ್ಚ ನೀಲಿ, ನಮ್ಮ ತೊಟ್ಟಿಯಲ್ಲಿ ಇರುವಂಥದ್ದು. ಮೆಥಿಲೀನ್ ಬ್ಲೂ. ಕಾಲೇಜಿನಲ್ಲಿ ಗಾಜಿನ ಮೇಲಿನ ಈರುಳ್ಳಿ ಸಿಪ್ಪೆಗೆ ಹಚ್ಚುತ್ತಿದ್ದ ಬಣ್ಣ.

"ಇದು ಬಣ್ಣ ಅಲ್ಲೇನ್ರಿ ಸಾಹೇಬ್ರ?"

"ಬಣ್ಣಾನ ಹೌದು" ಎಂದರು ಅವರು, ನಗದೆ. "ನೀಲಿ ಆದವ್ರಿಗೆ ನೀಲೀನ ಔಷಧ. ಸುಮ್ಮನ ಕೂಡ್ರಿ."

ಬಣ್ಣದವರ ಮನೆಯಲ್ಲಿ ಹುಟ್ಟಿದವಳಿಗೆ ಬಣ್ಣ ಏರುವುದನ್ನು ನೋಡಿ ರೂಢಿ. ಅಂದು ಬಣ್ಣ ಇಳಿಯುವುದನ್ನು ನೋಡುತ್ತ ಕೂತೆ. ಮೊದಲು ಕಿವಿಯ ತುದಿ, ಆಮೇಲೆ ಕೆಳತುಟಿ, ಕೊನೆಗೆ ಉಗುರು. ಅಣ್ಣ ರಬಕವಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ, ಒಳಗೆ ಕಾಲಿಡಲು ಅವನಿಗೆ ಧೈರ್ಯವಾಗಲಿಲ್ಲ. ವೈನಿ ಕಣ್ಣು ತೆರೆದು ಅವನನ್ನು ನೋಡಿ, "ಮಜ್ಜಿಗಿ ಕುಡದ್ರಿ ಏನು ನೀವೂ?" ಎಂದು ಕೇಳಿದಳು. ಮರುದಿನ ಮುಂಜಾನೆ ಮೂತ್ರ ಹಸಿರು ನೀಲಿಯಾಗಿ ಹೋಯಿತೆಂದು ನನ್ನ ಕಿವಿಯಲ್ಲಿ ಹೇಳಿ, "ನಿಮ್ಮಣ್ಣಗ ಹೇಳು, ಬಣ್ಣ ಗಟ್ಟಿ ಹಿಡದಿಲ್ಲ, ಬಿಡಾಕತ್ತೇತಿ ಅಂತ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ದವಾಖಾನೆಯಿಂದ ಅವಳು ನಮ್ಮ ಮನೆಗೆ ಬರಲಿಲ್ಲ. ಮುಧೋಳದಿಂದ ಅವಳ ಅಪ್ಪ ಬಂದು ಕರೆದುಕೊಂಡು ಹೋದರು. ಹೋಗುವ ಮೊದಲು ಅವಳು ಅಣ್ಣನಿಗೆ ಎಲ್ಲರೆದುರೇ ಹೇಳಿದಳು: "ಬಣ್ಣ ಆ ಮನ್ಯಾಗ ಇರೂತನಕಾ ನಾ ಬರೂದಿಲ್ರಿ. ಮುಧೋಳದಾಗ ಉಪ್ಪು ಉಪ್ಪs ಇರ್ತೇತಿ."

ಅಣ್ಣ ಒಪ್ಪಲಿಲ್ಲ. ಬಾವಿ ಇಲ್ಲಿದೆ, ತೊಟ್ಟಿ ಇಲ್ಲಿವೆ, ಅಜ್ಜ ಕಟ್ಟಿದ್ದು, ಇನ್ನು ಮುಂದೆ ಚೀಲ ಹೇಗಿಡಬೇಕೋ ಹಾಗಿಟ್ಟರಾಯಿತು ಎಂದ. ಅವನ ಮಾತು ಸುಳ್ಳಲ್ಲ. ನಾನೇ ಎಲ್ಲ ಚೀಲ, ಡಬ್ಬಿಗಳ ಮೇಲೆ ಕೆಂಪು ಪೇಂಟಿನಲ್ಲಿ ಪೂರ್ತಿ ಹೆಸರು ಬರೆದೆ. ಆದರೆ ಅವ್ವ ಓದದೆ ಕೈ ಹಾಕುವುದನ್ನು ಮರುದಿನವೇ ಕಂಡೆ. ಅರವತ್ತು ವರ್ಷದ ಕೈ, ಅದು ಅಕ್ಷರದ ಮಾತು ಕೇಳುವುದಿಲ್ಲ.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಚಮಚದ ಸದ್ದು. ಅಡುಗೆಮನೆಗೆ ಹೊಸ ಉಪ್ಪಿನ ಪಾಕೀಟು ತಂದರೂ, ಅದರ ಮೇಲೆ ಹೆಸರು ಅಚ್ಚಾಗಿದ್ದರೂ, ಬಸಿಯಲ್ಲಿ ಹಾಕಿ ಆ್ಯಸಿಡ್ಡಿನ ಹನಿ ಬಿಟ್ಟು ಹೊಗೆ ಬರುವುದಿಲ್ಲ ಎಂದು ನೋಡದೆ ಸಾರಿಗೆ ಬೀಳಲು ಬಿಡುತ್ತಿರಲಿಲ್ಲ. "ಉಪ್ಪಿಗೂ ಪರೀಕ್ಷಾ ಬರಸ್ತಿಯೇನಬೇ? ಪಾಸಾತೋ, ನಪಾಸಾತೋ?" ಎಂದು ಅವ್ವ ಬೈಯುತ್ತಿದ್ದಳು. ಆಮೇಲಾಮೇಲೆ ಅವಳೂ ಬಸಿ ತಂದು ನನ್ನ ಮುಂದಿಡತೊಡಗಿದಳು. ರಾತ್ರಿ ಅವಳೂ ಮಗ್ಗುಲು ಬದಲಿಸುವುದು ನನಗೆ ಕೇಳುತ್ತಿತ್ತು. ಬಟ್ಟಲು ತುಂಬಿಸಿದ್ದು ತನ್ನ ಕೈ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಾವೂ ಅನ್ನಲಿಲ್ಲ. ಕಾಕು ಮಾತ್ರ ಹೊಸ್ತಿಲಲ್ಲಿ ನಿಂತು, "ಅವತ್ತ ಒಂದು ಹಿಡಿ ಕೊಟ್ಟಿದ್ರ ಲಕ್ಷ್ಮೀ ಏನ್ ಓಡಿ ಹೋಗ್ತಿದ್ದಿಲ್ಲ" ಎಂದು ಅತ್ತಳು.

ಅಣ್ಣ ಮುಧೋಳಕ್ಕೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ಮೂರನೆಯ ಸಲ ಹೊರಟಾಗ ಅವ್ವ ಅವನನ್ನು ತಡೆದು ಹಿತ್ತಿಲಿಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: "ಈ ಬಾಗಲಾ ದಾಟಿದ್ರ ನನ್ನ ಕೈ ತಾನs ಎಡಕ್ಕ ಹೋಗ್ತೇತಿ. ನಾ ಏನ್ ಮಾಡ್ಲಿ? ನನ್ನ ಕೈ ಕಡೀತಿಯೋ, ಶೆಡ್ ಕಡೀತಿಯೋ, ನೋಡು."

ದಸರೆ ಮುಗಿದ ಮೇಲೆ ಊರ ಹೊರಗೆ, ಚಿಮ್ಮಡದ ರಸ್ತೆಗೆ, ಬೋರು ಇದ್ದ ಒಂದು ಜಾಗ ಬಾಡಿಗೆಗೆ ಸಿಕ್ಕಿತು. ಚೀಲ, ಕ್ಯಾನು, ಡಬ್ಬಿ ಎಲ್ಲ ಟ್ರ್ಯಾಕ್ಟರಿಗೇರಿಸಿದೆವು. ತಗಡು ಬಿಚ್ಚಿದಾಗ ಹಿತ್ತಿಲಿಗೆ ಅಷ್ಟು ಬಿಸಿಲು ಬರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ತೊಟ್ಟಿಯ ಕೆಂಪು ಕಲೆ ಹೋಗಲಿಲ್ಲ. ಅವ್ವ ನೀರು ಸುರಿದು ತಿಕ್ಕಿದಳು, ಆಮೇಲೆ ಬಿಟ್ಟಳು. ಇಳಿಹೊತ್ತಿಗೆ ವೈನಿ ಮುಧೋಳದ ಬಸ್ಸಿನಿಂದ ಇಳಿದು ಬಂದಳು. ಸೀದಾ ಹಿತ್ತಿಲಿಗೆ ಹೋಗಿ ಒಂದು ಸುತ್ತು ಹಾಕಿ, ಮೂಲೆ ಮೂಲೆ ನೋಡಿ, ಒಳಗೆ ಬಂದು ಕೈಕಾಲು ತೊಳೆದುಕೊಂಡು ಒಲೆ ಹಚ್ಚಿದಳು. ಸಾರಿಗೆ ಉಪ್ಪು ಅವಳೇ ಹಾಕಿದಳು. ನಾನು ಬಸಿ ತರಲು ಎದ್ದೆ. ಆ್ಯಸಿಡ್ಡಿನ ಕ್ಯಾನು ಟ್ರ್ಯಾಕ್ಟರಿನಲ್ಲಿ ಹೋಗಿಬಿಟ್ಟಿತ್ತು. ನಿಂತೇ ಇದ್ದೆ.

"ಕುಂದ್ರು, ಉಣ್ಣೋಣು" ಎಂದಳು ವೈನಿ.

ಉಂಡೆ. ಮಲಗಿದೆ. ಬೆಳಿಗ್ಗೆ ಎಚ್ಚರಾದಾಗ ಓಣಿಯ ಮಗ್ಗಗಳು ಆಗಲೇ ಓಡುತ್ತಿದ್ದವು, ಬಿಸಿಲು ಕಾಲಮೇಲೆ ಬಂದಿತ್ತು. ಪಕ್ಕದಲ್ಲಿ ಅವ್ವ ಬಾಯಿ ತೆರೆದು ಇನ್ನೂ ಗೊರಕೆ ಹೊಡೆಯುತ್ತಿದ್ದಳು.